ಹಡಗಿನ ಗಂಟೆ, ಊರಿನ ಗಂಟೆ

ವರ್ಲಿನ್ ಅಂದರೆ ಸೇಂಟ್ ಜಾರ್ಜಸ್ ಬಂದರಿನಲ್ಲಿ ಯಾರೆಂದು ಕೇಳುವವರಿಲ್ಲ. ಜಾಯಿಕಾಯಿ, ಲವಂಗ, ಚಕ್ಕೆ ಪೋಣಿಸಿದ ಹಾರಗಳನ್ನು ಎರಡು ತೋಳಿಗೂ ಇಳಿಬಿಟ್ಟುಕೊಂಡು, ಬೆಲೆ ಕೇಳಲು ಬಂದ ಪ್ರವಾಸಿಗೆ "ಕೊಳ್ಳೋದು ಆಮೇಲೆ, ಮೊದಲು ಗುಡ್ ಮಾರ್ನಿಂಗ್ ಹೇಳು ಮಗಾ" ಎಂದು ಗದರಿಸಿಯೇ ವ್ಯಾಪಾರ ಕುದುರಿಸುವ ಗಟ್ಟಿಗಿತ್ತಿ. ಪ್ರವಾಸಿಗರ ಹಡಗು ಬರುವ ದಿನ ಅವಳ ಕೈಗಡಿಯಾರವೂ ಹಡಗಿನದೇ ಆಗುತ್ತಿತ್ತು: ಊರಿಗಿಂತ ಒಂದು ಗಂಟೆ ಹಿಂದೆ. ಗಿರಾಕಿಗಳು ಆ ಗಂಟೆಗೆ ಇಳಿದು ಆ ಗಂಟೆಗೇ ಹತ್ತುವವರು. ಊರಿನ ಗಂಟೆ ಕಟ್ಟಿಕೊಂಡು ಅವಳಿಗೇನಾಗಬೇಕು? ಮೂವತ್ತು ವರ್ಷದಿಂದ ಹೀಗೇ ನಡೆದಿತ್ತು, ಏನೂ ಕೆಟ್ಟಿರಲಿಲ್ಲ.

ಆ ಬುಧವಾರದ ಹಡಗಿನಲ್ಲಿ ಅವಳ ಮಗ ಕೆಲನ್ ಇದ್ದ. ಅಲ್ಲೇ ಅವನ ಕೆಲಸ. ಊರು ಬಿಟ್ಟು ಎಂಟು ತಿಂಗಳು, ಮಗಳು ಹುಟ್ಟಿ ಐದು ತಿಂಗಳು. ಅವಳ ಮುಖ ನೋಡಿದ್ದೆಲ್ಲ ಫೋನಿನಲ್ಲೇ. ಹಡಗು ಇಲ್ಲಿಗೆ ಬರುವುದು ಈ ವರ್ಷ ಇದೊಂದೇ ಸಲ. ಹನ್ನೊಂದಕ್ಕೆ ಇಳಿದು ಹನ್ನೆರಡೂವರೆಗೆ ಮತ್ತೆ ಹತ್ತಬೇಕು. ಅಷ್ಟರಲ್ಲಿ ಮಗುವಿನ ದೀಕ್ಷಾಸ್ನಾನ ಆಗಬೇಕು, ಅದೂ ತನ್ನ ತೋಳಲ್ಲೇ ಆಗಬೇಕು ಎಂದು ಅವನು ಹಟ ಹಿಡಿದಿದ್ದ. ವರ್ಲಿನ್ ಫಾದರ್ ಆಂಬ್ರೋಸ್ ಅವರ ಕಾಲಿಗೆ ಬೀಳುವುದೊಂದು ಬಾಕಿ, ವಾರದ ನಡುವೆ ದೀಕ್ಷೆ ಕೊಡಲು ಒಪ್ಪಿಸಿದ್ದಳು. "ಹನ್ನೊಂದೂವರೆಗೆ ಸರಿಯಾಗಿ ಫಾದರ್" ಎಂದೂ ಹೇಳಿಬಂದಿದ್ದಳು.

ಹನ್ನೊಂದಕ್ಕೆ ಕೆಲನ್ ಬಿಳಿ ಅಂಗಿ ತೊಟ್ಟು ಬಂದರಿನ ಗೇಟು ದಾಟಿದ. ವರ್ಲಿನ್ ಹಾರಗಳ ಸಮೇತ ಅವನನ್ನು ತಬ್ಬಿಕೊಂಡಳು.

"ಏನೋ ಇದು, ಹಡಗಲ್ಲಿ ಊಟಕ್ಕೆ ಬರೀ ಗಾಳಿ ಬಡಿಸ್ತಾರಾ?"

"ಅದೆಲ್ಲ ಆಮೇಲಮ್ಮ. ಮೊದಲು ಮಗು."

ಗುಡ್ಡದ ಕಡಿದಾದ ಬೀದಿಯನ್ನು ಇಬ್ಬರೂ ಏದುಸಿರು ಬಿಡುತ್ತ ಹತ್ತಿದರು. ಚರ್ಚಿನ ಗೋಪುರದ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. "ಈ ಗಡಿಯಾರಕ್ಕೇನು ಬಡ್ಕೊಂಡಿದೆಯೋ" ಎಂದು ಬೈದು ವರ್ಲಿನ್ ತನ್ನ ಮುಂಗೈ ನೋಡಿಕೊಂಡಳು. ಹನ್ನೊಂದೂವರೆ. ಫಾದರ್‌ಗೆ ತಾನು ಹೇಳಿದ್ದು ಹಡಗಿನ ಗಂಟೆ, ಅವರು ತಿಳಿದದ್ದು ಊರಿನ ಗಂಟೆ!

ಚರ್ಚಿನ ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಸೊಸೆ ಷರ್ಮೇನ್ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ಈಗ ಬಂದ್ರಾ? ಫಾದರ್ ಕಾದು ಕಾದು ಈಗ ತಾನೇ ಹೋದ್ರು. ಆಚೆ ಊರು ಗ್ವಾವ್‌ನಲ್ಲಿ ಯಾರದೋ ಮಣ್ಣಂತೆ. ಇವನಿಗೆ ರಜೆ ಸಿಗಲಿಲ್ಲ ಅಂದ್ಕೊಂಡೆ. ಎಷ್ಟು ಸಲ ಫೋನ್ ಮಾಡೋದು ಅತ್ತೆ!"

ಫೋನು ಚೀಲದ ತಳದಲ್ಲಿ, ಎರಡು ಸೇರು ಜಾಯಿಕಾಯಿಯ ಕೆಳಗೆ ಹೂತುಹೋಗಿತ್ತು.

ಕೆಲನ್ ಬಗ್ಗಿ ಮಗುವನ್ನೆತ್ತಿಕೊಂಡ. ಅದು ಕಣ್ಣು ಬಿಟ್ಟು ಅವನ ಮೂಗನ್ನೇ ದಿಟ್ಟಿಸಿತು. "ಮುಂದಿನ ಸಲ ನಾನು ಬರೋ ಹೊತ್ತಿಗೆ ಇವಳು ಓಡಾಡ್ತಿರ್ತಾಳೆ" ಎಂದ ಮೆಲ್ಲಗೆ.

"ತಪ್ಪು ನಂದೇ ಕಣೋ" ಎಂದಳು ವರ್ಲಿನ್. ಅವಳ ಬಾಯಿಂದ ಅಂಥ ಮಾತು ಬಂದದ್ದನ್ನು ಅಲ್ಲಿದ್ದ ಯಾರೂ ಹಿಂದೆಂದೂ ಕೇಳಿರಲಿಲ್ಲ.

ಇಷ್ಟಾದರೂ ದೀಕ್ಷೆಯಲ್ಲಿ ಮಗುವಿನ ಹೊಣೆ ಹೊರಬೇಕಾದ ಜ್ಞಾನತಾಯಿಯ ಪತ್ತೆಯಿಲ್ಲ. ಅವಳು ವರ್ಲಿನ್‌ಳ ತಂಗಿ ಲೆಸ್ಟ್ರಾ. ತನ್ನ ಮದುವೆಗೇ ಎರಡು ಗಂಟೆ ತಡವಾಗಿ ಬಂದ ಮಹಾತಾಯಿ! ಅವಳನ್ನಾದರೂ ಬೈದು ಹೊಟ್ಟೆಯುರಿ ಕಳೆದುಕೊಳ್ಳೋಣವೆಂದು ವರ್ಲಿನ್ ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಕಾರಿನ ಹಾರ್ನ್ ಕೇಳಿಸಿತು. ಫಾದರ್ ಆಂಬ್ರೋಸ್ ಅವರ ಕಾರು ತಿರುಗಿಸಲು ಜಾಗವಿಲ್ಲದೆ ಗುಡ್ಡವನ್ನು ಹಿಂದುಹಿಂದಾಗಿ ಏರುತ್ತಿತ್ತು. ಫಾದರ್ ಪಕ್ಕದಲ್ಲಿ, ಹಳದಿ ಟೋಪಿ ಧರಿಸಿ, ಲೆಸ್ಟ್ರಾ! ಮಡಿಲಲ್ಲಿ ಊಟದ ಪಾತ್ರೆ.

"ಇಕ್ಕಟ್ಟು ತಿರುವಲ್ಲಿ ನನ್ನ ಬಸ್ಸಿಗೆ ಇವರ ಕಾರು ಎದುರಾಯ್ತು ಅಕ್ಕ. ಇಳಿದು ಅಡ್ಡ ನಿಂತೆ. ನಾನೇ ಇನ್ನೂ ಬಂದಿಲ್ಲ, ದೀಕ್ಷೆ ಹ್ಯಾಗೆ ಮುಗೀತು ಫಾದರ್ ಅಂದೆ."

"ನನಗೆ ಮಣ್ಣಿಗೆ ಹೊತ್ತಾಗ್ತಿದೆ ಅಂತ ಹೇಳಿದೆ" ಎಂದರು ಫಾದರ್, ಬೆವರೊರೆಸಿಕೊಳ್ಳುತ್ತ.

"ಸತ್ತವರು ಕಾಯ್ತಾರೆ ಫಾದರ್, ಹಡಗು ಕಾಯಲ್ಲ ಅಂತ ನಾನೂ ಹೇಳಿದೆ."

ಫಾದರ್ ಕಷ್ಟಪಟ್ಟು ನಗು ನುಂಗಿಕೊಂಡರು. "ಹತ್ತು ನಿಮಿಷ. ಒಂದು ನಿಮಿಷ ಜಾಸ್ತಿ ಕೇಳಬೇಡಿ."

ಹತ್ತೇ ನಿಮಿಷ. ಕೆಲನ್ ತೋಳಲ್ಲಿ ಮಗು, ಮಗುವಿನ ನೆತ್ತಿಗೆ ನೀರು. ಹೆಸರೇನೆಂದು ಫಾದರ್ ಕೇಳಿದರೆ ಅವನಿಗೆ "ಜನೆಲ್" ಅನ್ನುವುದಕ್ಕೆ ಮೂರು ಸಲ ಬೇಕಾಯಿತು. ಮಗು ಮಾತ್ರ ಚರ್ಚಿನ ಮಾಡು ಹಾರಿಹೋಗುವಂತೆ ಕಿರುಚಿತು. ಷರ್ಮೇನ್ ಅಳುತ್ತಲೇ ನಕ್ಕಳು.

ಕೂತು ಉಣ್ಣಲು ಹೊತ್ತಿರಲಿಲ್ಲ. ತೆಂಗಿನಹಾಲಿನಲ್ಲಿ ಬೆಂದ ದೀವಿಹಲಸು, ಉಪ್ಪುಮೀನನ್ನು ವರ್ಲಿನ್ ಇಳಿಜಾರಿನುದ್ದಕ್ಕೂ ಮಗನ ಬಾಯಿಗೆ ತುತ್ತು ಮಾಡಿ ಇಡುತ್ತ ಬಂದಳು. ಅವನ ಕೈ ಖಾಲಿಯಿರಲಿಲ್ಲವಲ್ಲ! ಎತ್ತಿಕೊಳ್ಳಲು ಯಾರು ಕೈ ಚಾಚಿದರೂ ಮಗುವನ್ನು ಕೊಡಲಿಲ್ಲ.

"ಅಕ್ಕ, ಇನ್ನೊಂದು ಸಲ ನನ್ನ ತಡಮಾರಿ ಅಂತ ಕರೆದ್ಯೋ, ನೋಡ್ಕೋತೀನಿ."

"ಬಾಯ್ಮುಚ್ಕೊಂಡು ನಡಿಯೇ. ಇವತ್ತೊಂದಿನ ಬಿಟ್ಟಿದೀನಿ."

ಗೇಟಿನಲ್ಲಿ ಮಗುವನ್ನು ಕೊಡಲೇಬೇಕಾಯಿತು. ಷರ್ಮೇನ್ ಎತ್ತಿಕೊಂಡವಳು ಗಂಡನ ಹೆಗಲು ನೋಡಿ ಹೌಹಾರಿದಳು.

"ಅಯ್ಯೋ, ಅಂಗಿ ತುಂಬ ಹಾಲು ಕಕ್ಕಿದಾಳೆ. ಹೋದ ತಕ್ಷಣ ಒಗೆದ್ಬಿಡು."

"ದಿನಾ ಮೂರು ಸಾವಿರ ಜನರ ಬಟ್ಟೆ ಒಗೀತೀನಿ ಕಣೆ, ಅದೇ ನನ್ನ ಕೆಲಸ" ಎಂದ ಕೆಲನ್. "ಇದೊಂದನ್ನ ಒಗೆಯಲ್ಲ."