ಪೆಡಲಿನಡಿಯ ನಿಂಬೆಹಣ್ಣು

ನಮ್ಮಣ್ಣ ಲೋಕೇಶನಿಗೆ ಈಗ ನಲವತ್ತೈದು. ಪೀಣ್ಯ ಎರಡನೇ ಹಂತದಲ್ಲಿ ಕಬ್ಬಿಣ ಕಡೆಯುವ ಮೂರು ಲೇತ್ ಮೆಷೀನುಗಳ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದಾನೆ. ಕಬ್ಬಿಣದ ಮುಂದೆ ಅವನಷ್ಟು ತಾಳ್ಮೆಯವನು ಇಡೀ ಪೀಣ್ಯದಲ್ಲಿ ಸಿಗುವುದಿಲ್ಲ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಿಚ್ಚಿ ಮತ್ತೆ ಕೂರಿಸುತ್ತಾನೆ. ಆದರೆ ಸ್ಟೀರಿಂಗ್ ಕಂಡರೆ ಮುಗಿಯಿತು, ಹನ್ನೆರಡು ವರ್ಷದ ಹುಡುಗನಾಗಿಬಿಡುತ್ತಾನೆ. ನಾನು ಅವನ ತಂಗಿ ಗೌರಿ. ಅದೇ ವರ್ಕ್‌ಶಾಪಿನಲ್ಲಿ ತಯಾರಾದ ಮಾಲನ್ನು ಅಳೆದು ಪಾಸು ಮಾಡುವವಳು. ಅಣ್ಣ ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಇಂಥ ಕೆಲಸ ಸಿಗಲು ಪುಣ್ಯ ಮಾಡಿರಬೇಕು.

ಇಬ್ಬರೂ ಸೇರಿ ಒಂದು ಕಾರು ತೆಗೆದುಕೊಂಡಿದ್ದೇವೆ. ನಾನು ಲೈಸೆನ್ಸ್ ಮಾಡಿಸಿ ಎರಡು ವರ್ಷವಾಗಿತ್ತು. ಕೀ ಮಾತ್ರ ಅವನ ಜೇಬು ಬಿಟ್ಟು ಕದಲುತ್ತಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಉತ್ತರ. “ಸುಮ್ನಿರು ಕಣೆ, ಸ್ಟೀರಿಂಗ್ ಎಲ್ರ ಕೈಗೂ ಬರಲ್ಲ. ನಾಗಸಂದ್ರದಲ್ಲಿ ಐದು ಚೆಕ್‌ಪೋಸ್ಟ್ ದಾಟಿದೋನು ನಾನೊಬ್ನೇ!”

ಆ ಚೆಕ್‌ಪೋಸ್ಟುಗಳು ಪೊಲೀಸರವಲ್ಲ. ಮೆಟ್ರೋ ಸುದ್ದಿಯೇ ಇಲ್ಲದ ಕಾಲದಲ್ಲಿ ನಾಗಸಂದ್ರದ ನಮ್ಮ ಮನೆಯ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿಯಿತ್ತು. ಅಲ್ಲೊಂದು ಕಾರ್ ರೇಸಿನ ಪೆಟ್ಟಿಗೆ. ಕೂರಲು ಸೀಟು, ಕೈಗೆ ಸ್ಟೀರಿಂಗ್, ಕಾಲಿಗೆ ಪೆಡಲ್, ಎದುರಿಗೆ ಟಿವಿ. ಟೈಮ್ ಮುಗಿಯುವುದರೊಳಗೆ ಚೆಕ್‌ಪೋಸ್ಟ್ ದಾಟಿದರೆ ಆಟ ಮುಂದಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಎದ್ದು ಹೊರಡಬೇಕು. ಅಣ್ಣ ಆಡುವಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಅಪ್ಪ ಬರುತ್ತಾರಾ ಎಂದು ನೋಡುವುದು ನನ್ನ ಡ್ಯೂಟಿ. ಅದಕ್ಕೆ ಕೂಲಿಯಾಗಿ ಕೊನೆಯಲ್ಲಿ ನನಗೂ ಒಂದಾಟ. ಸೀಟಿನ ಮೇಲೆ ಕೂರಿಸಿ, “ಒತ್ತು ಗೌರಿ, ಒತ್ತು! ಸಕ್ಕತ್ತಾಗಿ ಓಡಿಸ್ತಿದ್ದೀಯ” ಎನ್ನುತ್ತಿದ್ದ. ಕಾರು ಓಡುತ್ತಿತ್ತು, ನಾನು ಬೆವರುತ್ತಿದ್ದೆ.

ಹೀಗೆ ಎರಡು ತಿಂಗಳು. ಒಂದು ದಿನ ಮೂಗು ಒರೆಸಿಕೊಳ್ಳಲು ಎರಡೂ ಕೈ ಬಿಟ್ಟೆ. ಕಾರು ತನ್ನ ಪಾಡಿಗೆ ತಾನು ತಿರುವು ತೆಗೆದುಕೊಂಡು ಹೋಯಿತು! ನಾಣ್ಯ ಹಾಕದಿದ್ದಾಗ ಗಿರಾಕಿಗಳನ್ನು ಕರೆಯಲು ಆ ಪೆಟ್ಟಿಗೆ ತಾನೇ ಆಡಿ ತೋರಿಸುವ ಆಟ ಅದು. ಕಳ್ಳ, ಎರಡು ತಿಂಗಳು ನನ್ನನ್ನು ಮಂಗ ಮಾಡಿದ್ದ. ಆ ಸಿಟ್ಟು ಇವತ್ತಿಗೂ ಹೊಟ್ಟೆಯಲ್ಲಿದೆ, ಸುಳ್ಳೇಕೆ ಹೇಳಲಿ.

ಹೋದ ವರ್ಷ ಅವನಿಗೆ ಗುಜರಿ ಅಂಗಡಿಯೊಂದರಲ್ಲಿ ಅದೇ ಆಟದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಗಾಡಿಯಲ್ಲಿ ಹಾಕಿಕೊಂಡು ಬಂದೇಬಿಟ್ಟ. ಮೂರು ತಿಂಗಳು ಊಟದ ಬಿಡುವಿನಲ್ಲೆಲ್ಲ ಅದರ ಸೇವೆ. ಟಿವಿ ಬದಲಾಯಿಸಿದ, ಪೆಡಲಿಗೆ ಸ್ಪ್ರಿಂಗ್ ಹುಡುಕಿ ತಂದ, ಸವೆದ ಶಾಫ್ಟಿನ ಬದಲು ಹೊಸದನ್ನು ಲೇತಿನಲ್ಲಿ ತಾನೇ ಕಡೆದ. ಆಯುಧಪೂಜೆಯ ದಿನ ಪೂಜೆ ಮಾಡಿಸಿ ಚಾಲೂ ಮಾಡುವುದೆಂದು ತೀರ್ಮಾನವಾಯಿತು.

ನಾನು ಕಾಯುತ್ತಿದ್ದದ್ದೂ ಆ ದಿನಕ್ಕೇ. ಪೂಜೆಯಾದ ಕಾರು ಚಕ್ರದಡಿಯ ನಿಂಬೆಹಣ್ಣುಗಳನ್ನು ತುಳಿದು ಹೊರಡಬೇಕಲ್ಲ, ಆ ಮರ್ಯಾದೆ ನಮ್ಮಲ್ಲಿ ಯಾವತ್ತೂ ಅಣ್ಣನದೇ. “ಈ ಸಲ ನಾನು ತುಳಿಸ್ತೀನಿ” ಎಂದೆ.

“ಈ ಆಟದಲ್ಲಿ ನನ್ನ ಸೋಲ್ಸು. ಕೀ ನಿಂಗೇ, ಇವತ್ತಿಗಷ್ಟೇ ಅಲ್ಲ, ಯಾವಾಗ್ ಬೇಕಾದ್ರೂ” ಎಂದು ನಕ್ಕ. ಆ ನಗು ನೋಡಿ ಮೈಯೆಲ್ಲ ಉರಿಯಿತು.

ಪೂಜೆ ಮಾಡುವುದು ನಮ್ಮಮ್ಮ ಬೈರಮ್ಮ. ಲೇತುಗಳಿಗೆ ಕುಂಕುಮ ಇಟ್ಟು, ಹೂವು ಮುಡಿಸಿ, ಆಟದ ಪೆಟ್ಟಿಗೆಯ ಹತ್ತಿರ ಬಂದು ಸುತ್ತ ಹುಡುಕಿದಳು.

“ಇದ್ಕೆ ಗಾಲಿ ಎಲ್ಲೈತೆ?”

“ಇದು ಓಡೋ ಗಾಡಿ ಅಲ್ಲಮ್ಮ” ಎಂದ ಅಣ್ಣ.

“ಓಡ್ದಿದ್ರೆ ಸ್ಟೇರಿಂಗ್ ಯಾಕೈತೆ?”

ಅಣ್ಣ ಬೂದುಗುಂಬಳ ಒಡೆಯಲು ಹೊರಗೆ ಹೋದ. ಅಮ್ಮ ಬಗ್ಗಿ, ಕಾಯಿಯಂತೆ ಗಟ್ಟಿಯಾಗಿದ್ದ ಒಂದು ನಿಂಬೆಹಣ್ಣನ್ನು ಪೆಡಲಿನ ಅಡಿಗೆ ತುರುಕಿದಳು. ನಾನು ನೋಡಿದೆ. ನೋಡಿ ಸುಮ್ಮನಾದೆ. ದೇವರ ಕೆಲಸಕ್ಕೆ ನಾನ್ಯಾಕೆ ಅಡ್ಡ ಬರಲಿ?

ಅಣ್ಣ ಕೈಮುಗಿದು ಕೂತ. ಆಟ ಶುರುವಾಯಿತು. ಕಾರು ಹೊರಟಿತು, ಆದರೆ ವೇಗವೇ ಇಲ್ಲ. ಹಿಂದಿದ್ದ ಕಾರುಗಳೆಲ್ಲ ಒಂದೊಂದಾಗಿ ಮುಂದೆ ಹೋದವು. ಅಣ್ಣ ಹಲ್ಲು ಕಚ್ಚಿ ತುಳಿದ.

“ಏನ್ ಲೋಕೇಶಣ್ಣ, ಜಾಲಹಳ್ಳಿ ಕ್ರಾಸ್ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡ್ರಾ?” ಎಂದು ಲೇತ್ ಕೆಲಸದ ದ್ಯಾಮಣ್ಣ ಕಿಚಾಯಿಸಿದ. ಎರಡನೇ ಚೆಕ್‌ಪೋಸ್ಟ್ ಕಣ್ಣಿಗೆ ಕಾಣುವಾಗಲೇ ಟೈಮ್ ಮುಗಿಯಿತು. ಸಿಟ್ಟಿನಲ್ಲಿ ಅಣ್ಣ ಪೆಡಲನ್ನು ಒಮ್ಮೆ ಜಾಡಿಸಿ ಒದ್ದ. ಪಚಕ್ ಎಂದಿತು.

ನಾನು ಕೂತೆ. ಪೆಡಲ್ ಸಲೀಸಾಗಿ ನೆಲ ಮುಟ್ಟಿತು. ಅದೇ ರಸ್ತೆ, ಅದೇ ತಿರುವುಗಳು. ಆ ಎರಡು ತಿಂಗಳು ಪೆಟ್ಟಿಗೆ ತಾನೇ ಆಡಿ ತೋರಿಸಿದ್ದೆಲ್ಲ ನನ್ನ ಕೈಯಲ್ಲಿ ಹಾಗೆಯೇ ಉಳಿದಿತ್ತು! ಬಲಕ್ಕೆ, ಎಡಕ್ಕೆ, ಸುರಂಗ ದಾಟಿ ಮತ್ತೆ ಬಲಕ್ಕೆ. ಮೂರನೇ ಚೆಕ್‌ಪೋಸ್ಟ್ ದಾಟಿದಾಗ ದ್ಯಾಮಣ್ಣ ಶಿಳ್ಳೆ ಹೊಡೆದ.

ಅಣ್ಣನ ಮೂಗು ಚುರುಕು. ಬಗ್ಗಿ ಕೈಹಾಕಿ ಅಪ್ಪಚ್ಚಿಯಾದ ನಿಂಬೆಹಣ್ಣನ್ನು ಹೊರಗೆಳೆದ. “ಮೋಸ! ಯಾರಿಟ್ಟಿದ್ದು ಇದನ್ನ?”

“ನಾನೇ ಇಟ್ಟಿದ್ದು. ಪೂಜೆ ಮಾಡಿದ್ರೆ ಮೋಸ ಆಯ್ತದೇನ್ಲಾ?” ಎಂದಳು ಅಮ್ಮ.

“ಹಂಗಾದ್ರೆ ಮತ್ತೆ ಆಡ್ಬೇಕು!”

“ಮತ್ತೂ ಇಲ್ಲ ಗಿತ್ತೂ ಇಲ್ಲ. ಈ ವರ್ಸದ ನಿಂಬೆಹಣ್ಣು ನೀನು ತುಳ್ದಾಯ್ತು. ಕಾರಿಂದು ಗೌರಿ ತುಳೀಲಿ. ಕೀ ಕೊಡು.”

ಅಣ್ಣ ಜೇಬಿಗೆ ಕೈಹಾಕಿದ. ದೇವರ ವಿಷಯದಲ್ಲಿ ಅಮ್ಮನಿಗೆ ಎದುರಾಡಿ ಅವನಿಗೆ ಅಭ್ಯಾಸವಿಲ್ಲ. ಕೀ ಕೊಡುವಾಗ ಅವನ ಮುಖ ನೋಡಿ ನನಗೆ ಅಯ್ಯೋ ಪಾಪ ಅನ್ನಿಸಿತು. ಅದೂ ಅರ್ಧ ನಿಮಿಷವಷ್ಟೇ.

ನಾಲ್ಕೂ ನಿಂಬೆಹಣ್ಣು ತುಳಿದು ಕಾರು ರಸ್ತೆಗಿಳಿಯಿತು. ಪಕ್ಕದ ಸೀಟಿನಲ್ಲಿ ಅಣ್ಣ. ಮುಂದೊಂದು ಲಾರಿ ಕಂಡಿದ್ದೇ ತಡ, “ಬ್ರೇಕ್ ಕಣೆ, ಬ್ರೇಕ್!” ಎಂದು ಕಿರುಚುತ್ತ ತನ್ನ ಕಾಲಡಿಯ ಬರಿ ಮ್ಯಾಟನ್ನು ಬಲವಾಗಿ ತುಳಿಯತೊಡಗಿದ. ನಾನು ನಿಧಾನಕ್ಕೆ ಬ್ರೇಕ್ ಹಾಕಿದೆ. ಕಾರು ನಿಂತಿತು. ಅಣ್ಣ ಮಾತ್ರ ಇನ್ನೂ ತುಳಿಯುತ್ತಲೇ ಇದ್ದ.

“ಒತ್ತು ಅಣ್ಣ, ಒತ್ತು!” ಎಂದೆ. “ಸಕ್ಕತ್ತಾಗಿ ಓಡಿಸ್ತಿದ್ದೀಯ.”