ಮಗುವಿಗೆ ತೇದ ರೋಮನ್ ಚಿನ್ನ

ನಂಬದವರು ನಂಬಬೇಡಿ... ಆದರೆ ಗಲ್ಫಿನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಇದು ನಡೆದದ್ದು ನಿಜ. ನಡೆದದ್ದು ನನ್ನ ಮಗುವಿಗೆ.

ಗಂಡ ಪ್ರವೀಣನಿಗೆ ಹಳೆಯ ನಾಣ್ಯ ಮಾರುವವರೊಬ್ಬರ ಬಳಿ ಫೋಟೋ ತೆಗೆಯುವ ಕೆಲಸ. ಅಂದು ರೋಮನ್ ಚಿನ್ನದ ನಾಣ್ಯವೊಂದನ್ನು ಮನೆಗೆ ತಂದಿದ್ದ. ಒಂದು ಬದಿಯಲ್ಲಿ ಎಲೆಗಳ ಕಿರೀಟ ತೊಟ್ಟ ಚಕ್ರವರ್ತಿಯ ಮುಖ. ದಪ್ಪ ಕತ್ತು, ಕೊಬ್ಬಿದ ಗಲ್ಲ, ತಿರಸ್ಕಾರದಿಂದ ಕೆಳಗೆ ಬಾಗಿದ ತುಟಿ. ಇನ್ನೊಂದು ಬದಿಯಲ್ಲಿ ಅದೇ ಚಕ್ರವರ್ತಿ, ನೆಲಕ್ಕೆ ಬಿದ್ದ ಸೆರೆಯಾಳಿನ ಕತ್ತಿನ ಮೇಲೆ ಕಾಲಿಟ್ಟು ನಿಂತಿದ್ದ. ಫೋಟೋ ತೆಗೆದ ಮೇಲೆ ಪ್ರವೀಣ, ಚಿನ್ನವಲ್ಲವೇ ಎಂದು ಅದನ್ನು ದೇವರ ಪಟದ ಮುಂದಿಟ್ಟು, ಸಾಮಾನು ತರಲು ಹೋದ.

ಬಾಣಂತನಕ್ಕೆ ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆ, ಅದು ಮಾತು ಚುರುಕಾಗಲೆಂದು ಮೊಮ್ಮಗನಿಗೆ ನೆಕ್ಕಿಸಲು ತಂದ ಚಿನ್ನ ಎಂದುಕೊಂಡರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಲ್ಲಿನ ಮೇಲೆ ಜೇನು ಹಾಕಿ, ನಾಣ್ಯವನ್ನು ತೇದು, ಮಗುವಿನ ನಾಲಿಗೆಗೆ ಸವರಿಯೂ ಆಗಿತ್ತು.

"ಎಂತ ಹೆದರುದು ಮಾರಾಯ್ತಿ, ಚೊಕ್ಕ ಚಿನ್ನ. ನಿನ್ನ ಗಂಡನಿಗೂ ಹೀಗೇ ನೆಕ್ಕಿಸಿದ್ದು. ಈಗ ಅವನ ಬಾಯಿ ಮುಚ್ಚಿಸ್ಲಿಕ್ಕೆ ಆಗ್ತದಾ?"

ನಾನೂ ನಕ್ಕೆ. ಆಗಲೇ ಆ ವಾಸನೆ ಬಂತು... ಎಸಿಯದ್ದಿರಬೇಕು ಎಂದುಕೊಂಡೆ. ಅಲ್ಲ, ಮಗುವಿನ ಬಾಯಿಯದ್ದು. ಕರೆಂಟು ಹೋದ ಫ್ರಿಜ್ಜಿನಲ್ಲಿ ಕೊಳೆತ ಮಾಂಸಕ್ಕೆ ಜೇನು ಸುರಿದಂತೆ. ತುಟಿಯಂಚಿನಿಂದ ಬೂದು ಬಣ್ಣದ ಲೋಳೆ ಇಳಿಯುತ್ತಿತ್ತು.

ಮಂಚದ ಪಕ್ಕ ನೆಲದಲ್ಲಿ ಕೂತು, ಹಾಸಿಗೆಗೆ ತಲೆಯಾನಿಸಿ, ಮಲಗಿದ್ದ ಮಗುವಿನ ಬಾಯಿ ಒರೆಸತೊಡಗಿದೆ. ಮಗು ಅಳಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿತು... ಕೊಬ್ಬಿದ ಗಲ್ಲ, ಕೆಳಗೆ ಬಾಗಿದ ತುಟಿ. ಅದರ ಪುಟ್ಟ ಅಂಗಾಲು ಮೆಲ್ಲನೆ ನನ್ನ ಕತ್ತಿನ ಮೇಲೆ ಬಂತು. ಒತ್ತಿತು. ಬೆಳೆದ ಗಂಡಸಿನ ಭಾರ! ನನ್ನ ಕತ್ತು ಹಾಸಿಗೆಯೊಳಗೆ ಹುದುಗಿತು, ಉಸಿರು ಕಟ್ಟಿತು. ಅತ್ತೆ ಎರಡೂ ಕೈಯಿಂದ ಎಳೆದರೂ ಆ ಕಾಲು ಅಲುಗಲಿಲ್ಲ.

ಕೊನೆಗೆ ಅವರು ಮಗುವಿನ ಬಾಯಿಗೆ ಬೆರಳು ಹಾಕಿ ನಾಲಿಗೆ ಉಜ್ಜಿದರು. ಮಗು ಕಪ್ಪಗೆ ವಾಂತಿ ಮಾಡಿತು, ನನ್ನ ಮುಖದ ಮೇಲೆ. ಆಮೇಲೆ ತನ್ನ ದನಿಯಲ್ಲಿ ಅತ್ತಿತು.

ಪರೀಕ್ಷಿಸಿದ ಡಾಕ್ಟರಿಗೆ ಏನೂ ಕಾಣಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಪ್ರವೀಣ ಪಿಸುಗುಟ್ಟಿದ.

"ಅಮ್ಮನಿಗೆ ಹೇಳ್ಬೇಡ... ಅದು ಸಿಕ್ಕಿದ್ದು ಹೆಣದ ಬಾಯೊಳಗಂತೆ."

ನಾಣ್ಯ ಮರುದಿನವೇ ವಾಪಸು ಹೋಯಿತು. ಮಗನೀಗ ಮನೆಯಿಡೀ ಓಡಾಡುತ್ತಾನೆ. ಮುತ್ತು ಕೊಡಲು ನನ್ನ ಬಳಿಗೂ ಓಡಿ ಬರುತ್ತಾನೆ. ನಾನು ಕೆನ್ನೆ ಒಡ್ಡುತ್ತೇನೆ... ಉಸಿರು ಬಿಗಿಹಿಡಿದು.