ಮೂರನೆಯ ಕಾರು

ಒಂದು ಬಂದರೆ ದೂರು, ಮೂರು ಬಂದರೆ ಸುದ್ದಿ. ಗದುಗಿನ ನಮ್ಮ ಪತ್ರಿಕೆಯ ಕಚೇರಿಯಲ್ಲಿ ಹಿರಿಯರು ಹಾಕಿಕೊಟ್ಟ ರೂಢಿ ಇದು. ಒಂದೇ ಕಂಪನಿಯ ಕಾರುಗಳ ಎಂಜಿನ್ ಮೇಲಿಂದ ಮೇಲೆ ಕೆಡುತ್ತಿರುವ ಬಗ್ಗೆ ನನ್ನ ಬಳಿ ಎರಡೇ ದೂರುಗಳಿದ್ದವು. ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿಯದು ಒಂದು, ಮುಂಡರಗಿಯ ಶಿಕ್ಷಕಿಯದು ಇನ್ನೊಂದು. ಮಾದರಿ ಬೇರೆ ಬೇರೆ, ಎಂಜಿನ್ ಒಂದೇ.

ಬೆಟಗೇರಿಯ ಗ್ಯಾರೇಜಿನ ಮಿಸ್ತ್ರಿ ಬಿಚ್ಚಿಟ್ಟ ಎಂಜಿನ್ ತೋರಿಸಿ ತಿಳಿಸಿದರು. "ಈ ಬೆಲ್ಟ್ ಆಯಿಲ್‌ದಾಗ ಮುಳುಗೇ ತಿರಗತೈತ್ರಿ. ನೆನದು ನೆನದು ಪುಡಿ ಉದರತೈತಿ, ಆ ಪುಡಿ ಹೋಗಿ ಆಯಿಲ್ ಸೋಸೂ ಜಾಲಿ ಕಟ್ಟತೈತಿ. ಆಮ್ಯಾಲೆ ಆಯಿಲ್ ಮ್ಯಾಲೆ ಏರೂದಿಲ್ಲ. ಕೆಂಪು ದೀಪ ಹತ್ತಿದ ಕೂಡಲೇ ಬಂದ್ ಮಾಡಬೇಕು. ಓಡಿಸಿದ್ರ ಎಂಜಿನ್ ಸೀಜ್, ಅಲ್ಲೇ ಹಿಡಕೊಂಡು ನಿಂತಬಿಡತೈತಿ."

ಬರೆದುಕೊಂಡೆ. ಮರುವಾರವೇ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಅದೇ ಕಂಪನಿಯ, ಅದೇ ಎಂಜಿನ್ನಿನ ಹೊಸ ಕಾರನ್ನು ಬಾಳೆಹೊಸೂರಿನ ಮಾವನ ಮನೆಗೆ ತಂದ.

ನಾನು ಆ ಮನೆಯ ಹಿರಿಯ ಅಳಿಯ. ಹೊಲದ ಮಾತಿರಲಿ, ಮದುವೆಯ ಮಾತಿರಲಿ, ನನ್ನನ್ನು ಕೇಳಿಯೇ ಆಗುತ್ತಿತ್ತು. ಆ ದಿನ ಅತ್ತೆ ಕಾರಿಗೆ ಆರತಿ ಬೆಳಗಿ, ಮೊದಲ ಹೋಳಿಗೆಯನ್ನು ಅವನ ತಾಟಿಗೆ ಹಾಕಿದರು. ಮಾವ ಮುಂದಿನ ಸೀಟಿನಲ್ಲಿ ಕೂತು ಊರು ಸುತ್ತಿ ಬಂದು ನನ್ನ ಬೈಕಿನ ಕಡೆ ನೋಡಿದರು. "ಅಳಿಯಂದ್ರ, ನಿಮ್ಮ ಗಾಡಿ ಮ್ಯಾಲೆ ಕುಂತ್ರ ನನ್ನ ಸೊಂಟ ಲಕ್ಷ್ಮೇಶ್ವರದಾಗ ಉಳಿತಿತ್ತು. ನಾ ಒಬ್ಬನ ಮನಿಗೆ ಬರತಿದ್ದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

"ಹೆಂಗೈತ್ರಿ ಅಣ್ಣಾರ?" ಷಡ್ಡಕ ಕೇಳಿದ.

"ಬಣ್ಣ ಚಲೋ ಐತಿ," ಎಂದೆ.

ಮಿಸ್ತ್ರಿಯ ಮಾತು ಕಿಸೆಯ ನೋಟ್‌ಬುಕ್ಕಿನಲ್ಲಿತ್ತು. ಎರಡೇ ದೂರು, ಇನ್ನೂ ಖಾತ್ರಿಯಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಖರೆ ಕಾರಣ ಹೊಟ್ಟೆಕಿಚ್ಚು. ಮುಂದೆ ಆ ಕಾರು ಬಂದಾಗಲೆಲ್ಲ ಬಾನೆಟ್ ಕಡೆ ಕಿವಿಗೊಡುತ್ತಿದ್ದೆ. ಸದ್ದು ಕೆಟ್ಟಿಲ್ಲ ಎಂದು ಬೇಸರವಾಗುತ್ತಿತ್ತು.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವನ ಫೋನ್ ಬಂತು. "ಅಣ್ಣಾರ, ಮಾಗಡಿ ಕೆರಿ ಹತ್ರ ಅದೀನ್ರಿ. ಆಯಿಲ್ ಡಬ್ಬಿ ಚಿತ್ರದ್ದು ಕೆಂಪು ದೀಪ ಹತ್ತೇತಿ. ಶಿರಹಟ್ಟಿ ತನಕ ಓಡಿಸಿದ್ರ ನಡೀತೈತೇನ್ರಿ? ನೀವು ನಾಕ್ ಮಂದಿನ್ನ ಮಾತಾಡಿಸಿದವ್ರು."

ನಿಲ್ಲಿಸು ಎಂಬ ಒಂದು ಮಾತು ಸಾಕಿತ್ತು.

"ಕಂಪನಿಯವ್ರನ್ನ ಕೇಳಪಾ. ನನಗೇನ್ ತಿಳಿತೈತಿ," ಎಂದೆ.

ಕಂಪನಿಯವರು ಫೋನ್ ಎತ್ತಲಿಲ್ಲ. ಅವನು ಓಡಿಸಿದ. ಶಿರಹಟ್ಟಿ ಇನ್ನೂ ಎರಡು ಕಿಲೋಮೀಟರ್ ಇರುವಾಗ ಎಂಜಿನ್ ಸೀಜ್ ಆಯಿತು.

ಮೂರನೆಯ ದೂರು ಸಿಕ್ಕಿತು. ಕಂಪನಿಯ ಹೇಳಿಕೆಯನ್ನೂ ಸೇರಿಸಿ ಸುದ್ದಿ ಬರೆದೆ. ಒಂದು ಅಕ್ಷರವೂ ಸುಳ್ಳಿರಲಿಲ್ಲ. ಮೊದಲ ದೂರು ಯಾವಾಗ ಬಂತೆಂಬುದನ್ನು ಮಾತ್ರ ಬಿಟ್ಟಿದ್ದೆ. ಅಚ್ಚಾದ ಮೇಲೆ ಕಂಪನಿ ಮೂವರಿಗೂ ಹೊಸ ಎಂಜಿನ್ ಹಾಕಿಕೊಟ್ಟಿತು.

ನಾನು ಬಾಳೆಹೊಸೂರಿಗೆ ಹೋದಾಗ ಷಡ್ಡಕ ಆ ಸುದ್ದಿಯನ್ನು ಮಾವನಿಗೆ ಓದಿ ಹೇಳುತ್ತಿದ್ದ. "ಅಣ್ಣಾರು ಬರದಿದ್ದಕ್ಕ ಎಂಜಿನ್ ಬಂತ್ರಿ ಮಾವಾರ," ಎಂದ. ಆಮೇಲೆ ಯಾವ ಅನುಮಾನವೂ ಇಲ್ಲದೆ ನನ್ನ ಕಡೆ ತಿರುಗಿದ. "ಲಕ್ಷ್ಮೇಶ್ವರದವ್ರದು ಯಾವಾಗ ಕೆಟ್ಟಿತ್ರಿ?"

ದಿನ ತಪ್ಪಿಸಿ ಹೇಳಬಹುದಿತ್ತು. "ನೀ ಕಾರು ತರೂಕಿಂತ ಮೊದಲ," ಎಂದೆ.

ಮಾವ ಕನ್ನಡಕ ತೆಗೆದರು. ಷಡ್ಡಕ ಪತ್ರಿಕೆ ಮಡಚಿದ. "ಹಂಗಾರ ಮಾಗಡಿಯಿಂದ ಫೋನ್ ಮಾಡಿದಾಗ..."

"ಗೊತ್ತಿತ್ತು."

ಅವನು ಪತ್ರಿಕೆ ಬದಿಗಿಟ್ಟು ಚಾ ಕಪ್ಪನ್ನು ನನ್ನ ಕಡೆ ಸರಿಸಿದ. "ಆತು ಬಿಡ್ರಿ ಅಣ್ಣಾರ. ಚಾ ಆರತೈತಿ, ಕುಡೀರಿ," ಎಂದ. ದನಿ ಏರಲಿಲ್ಲ, ಮುಖ ಗಂಟಿಕ್ಕಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಆ ಮಾತು ಬರುತ್ತಿರಲಿಲ್ಲ. ಆ ಮಾತು ಅವನಿಗೆ ಅಷ್ಟು ಸಲೀಸಾಗಿ ಬಂದದ್ದಕ್ಕೂ ನನಗೆ ಹೊಟ್ಟೆ ಉರಿಯಿತು.